ಆ ಸ್ಪ್ರಿಂಗ್ ನಾರೋ, ಬರೀ ಗೆರೆಯೋ?

ಪ್ರಶ್ನೆ: ಅಂಚಿನಲ್ಲಿ ಸೀಳು ಇರುವ ಕಾಗದದ ಹಾಳೆಯನ್ನು ಸ್ಪ್ರಿಂಗ್‌ಗಳ ಲ್ಯಾಟಿಸ್ (ಗಂಟುಗಳಲ್ಲಿ ಕೂಡಿಸಿದ ಬಲೆ) ಮಾಡಿ ಕಂಪ್ಯೂಟರಿನಲ್ಲಿ ಎಳೆಯುತ್ತಿದ್ದೇನೆ. ಸ್ಪ್ರಿಂಗಿನ ಉದ್ದ ಅರ್ಧ ಮಾಡಿದಾಗಲೆಲ್ಲ ಹಾಳೆ ಇನ್ನೂ ಕಡಿಮೆ ಬಲಕ್ಕೇ ಹರಿಯುತ್ತದೆ. ಎಷ್ಟು ಚಿಕ್ಕದು ಮಾಡಿದರೆ ಸರಿಯಾದ ಉತ್ತರ ಬರುತ್ತದೆ?

ಉತ್ತರ: ಬರುವುದಿಲ್ಲ. ಹೀಗೇ ಹೋದರೆ ಕೊನೆಗೆ ಊದಿದರೂ ಹರಿಯುವ ಕಾಗದ ಸಿಗುತ್ತದೆ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಮೊದಲ ಸಾಲು ಓದುವಾಗಲೇ ಕೊನೆಯ ಸಾಲು ಗೊತ್ತಾಗುತ್ತದೆ.

ಸೀಳಿನ ತುದಿಗೆ ಹತ್ತಿರವಾದಷ್ಟೂ ಸ್ಟ್ರೆಸ್, ಅಂದರೆ ಇಷ್ಟು ಜಾಗಕ್ಕೆ ಇಷ್ಟೆಂದು ಬೀಳುವ ಬಲ, ಏರುತ್ತದೆ. ದೂರ ಕಾಲು ಭಾಗವಾದರೆ ಸ್ಟ್ರೆಸ್ 2 ಪಟ್ಟು, ಅರ್ಧವಾದರೆ ಸುಮಾರು 1.4 ಪಟ್ಟು. ಸ್ಪ್ರಿಂಗ್ ಚಿಕ್ಕದಾದಷ್ಟೂ ಅದು ಈ ಏರನ್ನು ಜಾಸ್ತಿ ಹೊರುತ್ತದೆ. ನೀವು ಮಾತ್ರ ಅದು ಹರಿಯುವ ಮಿತಿಯನ್ನು ಇದ್ದಹಾಗೇ ಬಿಟ್ಟಿದ್ದೀರಿ. ಮೂರು ಸಲ ಅರ್ಧ ಮಾಡಿ ನೋಡಿ, ಹಾಳೆ ಮೊದಲಿನ ಮೂರನೇ ಒಂದು ಪಾಲು ಬಲಕ್ಕೇ ಹರಿದಿರುತ್ತದೆ. ಕಾಗದ ಅದೇ, ಬದಲಾದದ್ದು ನಿಮ್ಮ ಅಳತೆ.

ಮೊದಲು ಒಂದು ತೀರ್ಮಾನ ಮಾಡಿ. ನಿಮ್ಮ ಸ್ಪ್ರಿಂಗ್ ಎಂದರೆ ಒಂದು ಅಂಟಿನಿಂದ ಮುಂದಿನ ಅಂಟಿನವರೆಗಿನ ನಿಜವಾದ ನಾರೇ? ಹಾಗಾದರೆ ಅದರ ಉದ್ದ ಹೇಳಬೇಕಾದದ್ದು ಕಾಗದ, ನೀವಲ್ಲ. ಮೈಕ್ರೋಸ್ಕೋಪಿನಲ್ಲಿ ಅಳೆದು ಹಾಕಿ, ಆಮೇಲೆ ಮುಟ್ಟಬೇಡಿ. ಅದಲ್ಲ, ಹಾಳೆಯನ್ನು ಲೆಕ್ಕಕ್ಕಾಗಿ ತುಂಡು ಮಾಡಿದ ಗೆರೆ ಅಷ್ಟೇ ಎನ್ನುವುದಾದರೆ, ಬಿರುಕು ಮುಂದೆ ಹೋಗಲು ಬೇಕಾದ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮಿತಿಯನ್ನು ತಿದ್ದಬೇಕು. ಉದ್ದ ಅರ್ಧವಾದರೆ ಸ್ಟ್ರೆಸ್ ಮಿತಿ 1.4 ಪಟ್ಟು. ಗಂಟುಗಳನ್ನು ಅಡ್ಡಾದಿಡ್ಡಿ ಇಡುವುದೂ ಒಳ್ಳೆಯದು, ಇಲ್ಲದಿದ್ದರೆ ಬಿರುಕು ಲ್ಯಾಟಿಸ್‌ನ ಸಾಲು ಹಿಡಿದೇ ಓಡುತ್ತದೆ. ಜನ ಮಾಡುವುದೇನೆಂದರೆ, ಎರಡನೆಯ ದಾರಿಯಂತೆ ಉದ್ದ ಬದಲಿಸುತ್ತಾರೆ, ಮೊದಲನೆಯದರಂತೆ ಮಿತಿಯನ್ನು ಹಾಗೇ ಬಿಡುತ್ತಾರೆ.

ಮೊದಲನೆಯ ದಾರಿ ಹಿಡಿದರೆ ಕಂಪ್ಯೂಟರ್ ತಡೆಯುವುದಿಲ್ಲ ಅನ್ನುತ್ತೀರಿ. ನಿಜ. 5 ಗ್ರಾಂ ತೂಗುವ ಒಂದು ಎ4 ಹಾಳೆಯಲ್ಲೇ ನಾರುಗಳು ದಶಲಕ್ಷಗಟ್ಟಲೆ. ಕ್ವಾಸಿಕಂಟಿನ್ಯುಯಂ ಇರುವುದೇ ಇದಕ್ಕೆ. ತಾಡ್ಮೋರ್, ಓರ್ಟಿಜ್, ಫಿಲಿಪ್ಸ್ 1996ರಲ್ಲಿ ಪರಮಾಣುಗಳಿಗೆಂದು ಕಟ್ಟಿದ ಈ ಲೆಕ್ಕದ ವಿಧಾನ ಆಮೇಲೆ ಲ್ಯಾಟಿಸ್‌ಗಳಿಗೂ ಬಂತು. ಸೀಳಿನ ಸುತ್ತ ಪ್ರತಿ ಗಂಟನ್ನೂ ಲೆಕ್ಕ ಹಾಕುತ್ತೀರಿ. ದೂರದಲ್ಲಿ ಕೆಲವೇ ಗಂಟುಗಳಿಗೆ ಸ್ವಾತಂತ್ರ್ಯ, ಉಳಿದವು ಅವನ್ನು ಹಿಂಬಾಲಿಸುತ್ತವೆ.

ಆದರೆ ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಹಾಸು-ಹೊಕ್ಕಿನ ಬಟ್ಟೆಯಂಥ ಸಾಲಾದ ರಚನೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಕಾಗದದ ನಾರು ಗೋಜಲು. ಅಲ್ಲಿ ಗಂಟುಗಳನ್ನು ನೇರವಾಗಿ ಹಿಂಬಾಲಿಸಲು ಬಿಟ್ಟರೆ, ಬಾಗಬೇಕಾದ ನಾರು ಬಾಗದೆ ಎಳೆಯಲ್ಪಡುತ್ತದೆ. ಹಾಳೆ ಸುಮ್ನೆ ಬಿಗಿಯಾಗಿಬಿಡುತ್ತದೆ. ನನ್ನ ಗ್ರಾಫ್ ಪ್ರಯೋಗದ ಮೇಲೆ ಕೂರದಿದ್ದಾಗ ನಾನು ಒಂದು ವಾರ ಪ್ರಯೋಗ ಮಾಡಿದವರನ್ನೇ ಅನುಮಾನಿಸಿದ್ದೆ. ಈಗ ಸಣ್ಣ ತುಂಡೊಂದನ್ನು ಪೂರ್ತಿ ಲೆಕ್ಕ ಹಾಕಿ ಹೋಲಿಸದೆ ಯಾವ ಅಂಕಿಯನ್ನೂ ಹೊರಗೆ ಬಿಡುವುದಿಲ್ಲ.

ಪ್ರಶ್ನೆ: ಬರೀ ಸ್ಪ್ರಿಂಗ್‌ಗಳ ತ್ರಿಕೋನ ಲ್ಯಾಟಿಸ್‌ನಲ್ಲಿ ಪಾಯ್ಸನ್ ಅನುಪಾತ (ಎಳೆದಾಗ ಉದ್ದಕ್ಕೆ ಹಿಗ್ಗಿದ್ದರಲ್ಲಿ ಎಷ್ಟು ಪಾಲು ಅಡ್ಡಕ್ಕೆ ಕುಗ್ಗುತ್ತದೆ ಎಂಬುದು) 0.2 ತರುವುದು ಹೇಗೆ?

ಎಲ್ಲ ಸ್ಪ್ರಿಂಗ್ ಒಂದೇ ಥರ ಇದ್ದರೆ ಅದು 1/3, ತಲೆಕೆಳಗಾಗಿ ನಿಂತರೂ. ಸ್ಪ್ರಿಂಗ್ ಬದಲು ಬೀಮ್ (ಬಾಗುವುದನ್ನೂ ತಡೆಯುವ ಕಡ್ಡಿ) ಹಾಕಿ.

ಪ್ರಶ್ನೆ: ಎಳೆತದ ಗ್ರಾಫಿಗೆ ನನ್ನ ಮಾದರಿ ಹೊಂದಿಕೊಂಡಿದೆ. ಸಾಕಲ್ವಾ?

ಬೇಕಾದಂತೆ ತಿರುಗಿಸಬಹುದಾದ ಆರು ಅಂಕಿ ಇದ್ದರೆ ಯಾವ ಗ್ರಾಫೂ ಹೊಂದುತ್ತದೆ. ಇನ್ನೊಂದು ದಿಕ್ಕಿನಲ್ಲಿ ಎಳೆದು, ಏನನ್ನೂ ತಿರುಗಿಸದೆ ಹೊಂದಿಸಿ ತೋರಿಸಿ. ‘ಯಾವ ನಾರಿಗೂ ನಡೆಯುವ ಸಿದ್ಧ ಅಂಕಿಗಳು’ ಎಂದು ಮಾರುವವರಿಗೂ ನನ್ನದು ಇದೇ ಮಾತು.

ಪ್ರಶ್ನೆ: ಮೂರು ಆಯಾಮದ ಕಾಲಜನ್ (ಚರ್ಮದಂಥ ಅಂಗಾಂಶದ ನಾರು) ಜಾಲಕ್ಕೆ ಸ್ಪ್ರಿಂಗ್ ಹಾಕಿದರೆ ಕುಸಿದು ಬೀಳುತ್ತದೆ. ಸಾಫ್ಟ್‌ವೇರ್ ದೋಷವೇ?

ಅಲ್ಲ. ಬರೀ ಸ್ಪ್ರಿಂಗ್‌ಗಳು ನಿಲ್ಲಬೇಕಾದರೆ ಗಂಟಿಗೆ ಸರಾಸರಿ 6 ಕೊಂಡಿ ಬೇಕೆಂದು ಮ್ಯಾಕ್ಸ್‌ವೆಲ್ 1864ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಕಾಲಜನ್‌ಗೆ ಇರುವುದು 3ರಿಂದ 4. ಅದನ್ನು ನಿಲ್ಲಿಸಿರುವುದು ನಾರು ಬಾಗಲು ಒಡ್ಡುವ ತಡೆ, ನೀವು ಬಿಟ್ಟಿರುವುದೂ ಅದನ್ನೇ.