ಮೊದಲು ಒಂದು ಕ್ಲಾಸ್ ತೆಗೆದುಕೊಂಡು ನೋಡಿ

ಓದುಗರ ಪತ್ರ: "ಹದಿನಾರು ವರ್ಷದಿಂದ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಈಗ ಕೆಲಸ ಬಿಟ್ಟು ಪಾಠ ಹೇಳುವ ಕಡೆ ಹೋಗೋಣ ಅನ್ನಿಸಿದೆ. ಆದರೆ ಹುದ್ದೆ ಇಲ್ಲದೆ ನಾನು ಯಾರು ಅಂತಲೇ ತಿಳಿಯುತ್ತಿಲ್ಲ. ನನ್ನ ಸಾಮರ್ಥ್ಯ ಏನೆಂದು ತಿಳಿಯಲು ಎರಡು ಪರೀಕ್ಷೆ ತೆಗೆದುಕೊಂಡೆ. ಎರಡೂ ಬೇರೆ ಬೇರೆ ಹೇಳಿದವು. ಲೆಕ್ಕ ತಾಳೆಯಾಗದಿದ್ದಾಗ ಹೊಸಬರು ನನ್ನ ಹತ್ತಿರ ಬರುತ್ತಿದ್ದರು, ವ್ಯತ್ಯಾಸ 9ರಿಂದ ಭಾಗವಾಗುತ್ತಾ ನೋಡಿ ಅಂತ ತೋರಿಸಿಕೊಡುತ್ತಿದ್ದೆ. ಪಾಠದ ಅನುಭವ ಮಾತ್ರ ಇಲ್ಲ. ಏನು ಮಾಡಲಿ?"

ಸಂಪಾದಕರ ಉತ್ತರ: ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂತು. ಪತ್ರದ ಜೀವವೇ ಆ ಹೊಸಬರ ವಿಷಯ. ಅದನ್ನು ಕೊನೆಯಲ್ಲಿ, ಲೆಕ್ಕಕ್ಕೇ ಇಲ್ಲದಂತೆ ಸೇರಿಸಿದ್ದೀರಿ. 54 ಎಂದಿರಬೇಕಾದ ಕಡೆ 45 ಬಿದ್ದರೆ ವ್ಯತ್ಯಾಸ 9. ಅಂಕಿ ಅದಲುಬದಲಾದಾಗಲೆಲ್ಲ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ತಪ್ಪನ್ನು ನೀವೇ ತಿದ್ದಿ ಕಳಿಸಬಹುದಿತ್ತು. ಹಾಗೆ ಮಾಡದೆ, ಹುಡುಕುವ ದಾರಿ ಹೇಳಿಕೊಟ್ಟಿರಿ. ಇದು ಪಾಠವಲ್ಲದೆ ಇನ್ನೇನು?

ಪರೀಕ್ಷೆಗಳು ಸುಮ್ನೆ ಅಂತ ನಾನು ಹೇಳುವುದಿಲ್ಲ. ನಮ್ಮ ಬಗ್ಗೆ ಮಾತಾಡಲು ನಾಲ್ಕು ಪದ ಕೊಡುತ್ತವೆ. ಆದರೆ ಉದಾಹರಣೆಗೆ, ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆಯವರ ಪರೀಕ್ಷೆಯಲ್ಲಿ 34 ಗುಣಗಳಿವೆ, ಮನಶ್ಶಾಸ್ತ್ರಜ್ಞರಾದ ಪೀಟರ್ಸನ್ ಮತ್ತು ಸೆಲಿಗ್ಮನ್ 2004ರಲ್ಲಿ ಕೊಟ್ಟ ಪಟ್ಟಿಯಲ್ಲಿ 24. ಪಟ್ಟಿಯೇ ಬೇರೆಯಾದ ಮೇಲೆ ಉತ್ತರ ಒಂದೇ ಆಗುವುದು ಹೇಗೆ?

ಹರ್ಮಿನಿಯಾ ಇಬಾರಾ ಎಂಬ ಪ್ರಾಧ್ಯಾಪಕಿ ನಡುವಯಸ್ಸಿನಲ್ಲಿ ವೃತ್ತಿ ಬದಲಿಸಿದವರನ್ನು ಮಾತಾಡಿಸಿ ಅಧ್ಯಯನ ಮಾಡಿದರು. ಅವರು ಕಂಡುಕೊಂಡದ್ದು ನನಗೆ ಬಹಳ ಇಷ್ಟ. ಮೊದಲು ತನ್ನನ್ನು ಪೂರ್ತಿ ಅರಿತು ಆಮೇಲೆ ಹೆಜ್ಜೆ ಇಡುವುದು ಅಂತ ನಾವು ಅಂದುಕೊಂಡಿರುತ್ತೇವೆ. ನಡೆಯುವುದು ತಿರುಗುಮುರುಗು. ಸಣ್ಣದಾಗಿ ಹೊಸ ಕೆಲಸ ಮಾಡಿ ನೋಡುತ್ತಾ, ಹೊಸ ಜನರ ಜೊತೆ ಬೆರೆಯುತ್ತಾ, ನಾನು ಯಾರು ಅನ್ನೋದು ನಿಧಾನವಾಗಿ ತಿಳಿಯುತ್ತದೆ.

ಮುಂದೆ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಏಳು ವರ್ಷ ಪುಸ್ತಕ ಬೈಂಡಿಂಗ್ ಕಲಿತವರು. 1812ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ ಟಿಪ್ಪಣಿ ಬರೆದರು. ಅದನ್ನು ತಾವೇ ಬೈಂಡ್ ಮಾಡಿ ಡೇವಿಯವರಿಗೇ ಕಳಿಸಿದರು. ಮರುವರ್ಷ ಅವರ ಪ್ರಯೋಗಾಲಯದಲ್ಲಿ ಸಹಾಯಕರಾದರು. ವಿಜ್ಞಾನಿಯ ಬಾಗಿಲು ತಟ್ಟುವಾಗ ಅವರ ಕೈಯಲ್ಲಿದ್ದದ್ದು ಹಳೇ ಕಸುಬಿನ ಕೆಲಸವೇ ಅಲ್ವಾ?

ನೀವೂ ರಾಜೀನಾಮೆಗೆ ಮುಂಚೆ ವಾರಕ್ಕೊಂದು ಸಂಜೆ ನಾಲ್ಕು ಜನರಿಗೆ ಲೆಕ್ಕ ಹೇಳಿಕೊಡಿ. ಸಂಬಳ ನಿಲ್ಲುವ ಭಯ ಇರುವಾಗ ಅದೇ ಜಾಣತನ. ಹಳೇ ಸಹೋದ್ಯೋಗಿಗಳನ್ನು ಕೇಳಿ: ಯಾವುದಕ್ಕೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಿರಿ? ಅವರ ಉತ್ತರ ಯಾವ ಪರೀಕ್ಷೆಗಿಂತಲೂ ಜಾಸ್ತಿ ಕೆಲಸಕ್ಕೆ ಬರುತ್ತದೆ.

ನಿಮ್ಮದೊಂದೇ ತಪ್ಪಲ್ಲ ಬಿಡಿ. ಯಾವ ಅರ್ಜಿ ತೆಗೆದರೂ ಹಿಂದಿನ ಹುದ್ದೆ, ಎಷ್ಟು ವರ್ಷ, ಕೊನೆಯ ಸಂಬಳ, ಇಷ್ಟೇ ಕಾಲಂ. ಕೆಲಸ ಹೇಳಿಕೊಟ್ಟು ಎಷ್ಟು ಜನರನ್ನು ತಯಾರು ಮಾಡಿದಿರಿ ಅಂತ ಯಾರೂ ಕೇಳುವುದಿಲ್ಲ. ಇಡೀ ಆಯುಷ್ಯ ಆ ಕಾಲಂ ತುಂಬಿದವರಿಗೆ ತಾನೆಂದರೆ ಹುದ್ದೆ ಅಂತ ಅನ್ನಿಸದೆ ಇರುತ್ತದೆಯೇ? ನೇಮಕಾತಿ ಮಾಡುವವರೂ ಈ ಪತ್ರಿಕೆ ಓದುತ್ತಾರೆ. ಅವರಿಗೆ ನನ್ನ ಬೇಡಿಕೆ ಇಷ್ಟೇ: ಇಂಥವರ ಅರ್ಜಿ ಬಂದಾಗ "ಸಂಬಂಧಪಟ್ಟ ಅನುಭವವಿಲ್ಲ" ಎಂದು ಬದಿಗಿಡಬೇಡಿ. ಕರೆದು, ಅರ್ಧ ಗಂಟೆ ಪಾಠ ಮಾಡಲು ಹೇಳಿ.