ಸ್ಪೇಸ್ ಆರ್‌ಪಿಜಿಲಿ (ಪಾತ್ರ ವಹಿಸಿ ಡೈಸ್ ಹಾಕಿ ಆಡೋ ರೋಲ್ ಪ್ಲೇಯಿಂಗ್ ಗೇಮಲ್ಲಿ) ಹಡಗಿನ ಸಿಬ್ಬಂದಿ ದಿನಾ ಹಾಕ್ಕೊಳೋ ಹಗುರ ಸ್ಪೇಸ್‌ಸೂಟ್‌ಗೆ ಆರ್ಮರ್ ಎಷ್ಟು, ಆಕ್ಸಿಜನ್ ಎಷ್ಟು ಗಂಟೆ ಕೊಡ್ಬೇಕು?

ಆರ್ಮರ್ ನಂಬರ್, ಅಂದ್ರೆ ಸೂಟ್ ಎಷ್ಟು ಏಟು ತಡೆಯತ್ತೆ ಅನ್ನೋದು, ಆಮೇಲೆ ನೋಡೋಣ, ಮೊದ್ಲು ಹೆಲ್ಮೆಟ್ ಎಲ್ಲಿದೆ ಹೇಳಿ. ನಿಮ್ಮ ಪ್ರಶ್ನೇಲಿ ಅದೊಂದೇ ಇಲ್ಲ. ನಾನು ಜಿಎಂ (ಗೇಮ್ ಮಾಸ್ಟರ್, ಆಟ ನಡೆಸೋನು) ಆಗಿ ಮೊದಲ ಸ್ಪೇಸ್ ಕ್ಯಾಂಪೇನ್ (ಹಲವು ಸೆಷನ್ ಓಡೋ ಕಥೆ) ನಡೆಸ್ದಾಗ ಐಟಂ ಲಿಸ್ಟಲ್ಲಿ ಹೀಗೆ ಬರ್ದಿದ್ದೆ: "ಶಿಪ್ ಸೂಟ್. ಹಗುರ, ದಿನವಿಡೀ ಹಾಕ್ಕೋಬಹುದು. ಗಾಳಿ ಹೋದ್ರೆ ಹೆಲ್ಮೆಟ್ ಕಾಲರಿಂದ ತಾನಾಗೇ ಮುಚ್ಕೊಳತ್ತೆ. ಆಕ್ಸಿಜನ್ 6 ಗಂಟೆ. ಎಲ್ರಿಗೂ ಫ್ರೀ." ಬರೆಯೋವಾಗ ಭಾರೀ ಖುಷಿ ಆಗಿತ್ತು.

ಆಮೇಲೆ ಒಂದು ಸೆಷನ್ನಲ್ಲಿ ಕಡಲ್ಗಳ್ಳರ ತರದ ಗ್ಯಾಂಗ್ ಬಂದು ಕಾರ್ಗೋ ರೂಮಿಗೆ ತೂತು ಹೊಡೀತು. ನಾನು ಅಲಾರಂ ಕೂಗಿದ್ದು, ಸಾಮಾನೆಲ್ಲ ತೂತಿನ ಕಡೆ ಹಾರಿದ್ದು, ಕಿವಿ ಕಟ್ಕೊಂಡಿದ್ದು ಎಲ್ಲಾ ವರ್ಣಿಸಿ ಉಸಿರು ಬಿಗಿ ಹಿಡ್ದು ಕೂತಿದ್ರೆ ಪೈಲಟ್ ಆಡ್ತಿದ್ದ ಹುಡುಗಿ ಚಿಪ್ಸ್ ತಿಂತಾ, "ಸರಿ, ಹೆಲ್ಮೆಟ್ ಮುಚ್ತು. ಈಗ ಯಾರ ಟರ್ನ್?" ಅಂದ್ಲು. ಅವಳದ್ದೇನೂ ತಪ್ಪಿಲ್ಲ, ನಾನೇ ಬರೆದುಕೊಟ್ಟ ರೂಲ್ ಅದು.

ಆದ್ರೆ ನಿಜವಾದ ಏಟು ಬಿದ್ದಿದ್ದು ಎಂಜಿನಿಯರ್ ಆಡ್ತಿದ್ದವನಿಗೆ. ಅವನು ಶುರುವಲ್ಲೇ ಪಾಯಿಂಟೆಲ್ಲ ತಗೊಂಡೋಗಿ ವ್ಯಾಕ್ ಸೂಟ್ (ಸ್ಪೇಸ್‌ಸೂಟ್ ಬಳಸೋ) ಸ್ಕಿಲ್ಲಿಗೆ ಸುರಿದಿದ್ದ. 1977ರಲ್ಲಿ ಬಂದ ಟ್ರಾವೆಲರ್ ಅನ್ನೋ ಸ್ಪೇಸ್ ಆರ್‌ಪಿಜಿ ಕಾಲದಿಂದ್ಲೂ ಇರೋ ಸ್ಕಿಲ್ ಅದು, ನಿರ್ವಾತದಲ್ಲಿ ಕೆಲ್ಸ ಮಾಡೋನಿಗೆ ಬೆಲೆ ಇರ್ಲಿ ಅಂತಾನೇ ಇಟ್ಟಿದ್ದು. ನನ್ನ ಸೂಟಿಂದ ಅಷ್ಟೂ ಪಾಯಿಂಟ್ ನೀರಲ್ಲಿ ಹೋಮ ಮಾಡ್ದಂಗಾಯ್ತು, ಎಲ್ರೂ ಡೈಸೇ ಹಾಕ್ದೆ ಹೊರಗೆ ಓಡಾಡ್ತಿದ್ರು. ಬರ್ತಾ ಬರ್ತಾ ಅವನು ಆಟಕ್ಕೆ ಬರೋದೇ ಬಿಟ್ಟ. ಇವತ್ತಿಗೂ ಬೇಜಾರಿದೆ.

ಎಡವಟ್ಟು ಎಲ್ಲಾಯ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಜನ "ಸೂಟ್ ಫ್ರೀ ಕೊಟ್ಟಿದ್ದೇ ತಪ್ಪು" ಅಂತಾರೆ, ಅದಲ್ಲ. ಆಕ್ಸಿಜನ್ 6 ಗಂಟೆ ಇದ್ದಿದ್ದೂ ಅಲ್ಲ. "ಯಾವಾಗ್ಲೂ ಮೈಮೇಲಿದೆ" ಮತ್ತೆ "ಯಾವಾಗ್ಲೂ ರೆಡಿ ಇದೆ" ಅನ್ನೋ ಎರಡನ್ನೂ ಒಂದೇ ಐಟಮ್ಮಿಗೆ ಕೊಟ್ಬಿಟ್ಟೆ. ಮೈಮೇಲಿದ್ದು ಹೆಲ್ಮೆಟ್, ಗ್ಲೌಸ್ ಬೇರೆ ಕಡೆ ಇದ್ರೆ ಆಟ ಇದೆ. ತಲೆಯಿಂದ ಕಾಲ್ವರೆಗೆ ರೆಡಿ ಇದ್ದು ಲಾಕರಲ್ಲಿ ನೇತಾಡ್ತಿದ್ರೂ ಆಟ ಇದೆ. ಎರಡೂ ಸೇರಿದ್ರೆ ನಿರ್ವಾತ ಅನ್ನೋ ಅಪಾಯವೇ ಕ್ಯಾಂಪೇನಿಂದ ಮಾಯ. ಅದು ಹೊಳೀದೆ ನಾನು ಸೂಟ್ ಹರಿಯೋ ಗುಂಡು, ಹೆಲ್ಮೆಟ್ ಜಾಮ್ ಮಾಡೋ ಗ್ಯಾಜೆಟ್ ಅಂತ ಒಂದಾದ್ಮೇಲೊಂದು ತಂದೆ, ಪ್ಲೇಯರ್ಸ್ "ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ತಿದೀಯ" ಅಂತ ಜಗಳಕ್ಕೇ ಬಂದ್ರು.

ಹಾಗಾಗಿ ಗಂಟೆ ಲೆಕ್ಕ ಬಿಡಿ, ಸೆಕೆಂಡ್ ಲೆಕ್ಕ ಹಿಡೀರಿ. ಪೂರ್ತಿ ನಿರ್ವಾತದಲ್ಲಿ ಮನುಷ್ಯನಿಗೆ ಪ್ರಜ್ಞೆ ಇರೋದು 10ರಿಂದ 15 ಸೆಕೆಂಡ್. 1966ರಲ್ಲಿ ನಾಸಾ ಚೇಂಬರಲ್ಲಿ ಟೆಸ್ಟ್ ಮಾಡೋವಾಗ ಜಿಮ್ ಲೆಬ್ಲಾಂಕ್ ಅನ್ನೋರ ಸೂಟಿನ ಹೋಸ್ ಕಿತ್ಕೊಂಡು ಸುಮಾರು 14 ಸೆಕೆಂಡಲ್ಲಿ ಪ್ರಜ್ಞೆ ಹೋಯ್ತು, ಕೊನೇಲಿ ನೆನಪಿರೋದು ನಾಲಿಗೆ ಮೇಲೆ ಎಂಜಲು ಕುದ್ದಿದ್ದು ಅಂತ ಆಮೇಲೆ ಅವರೇ ಹೇಳಿದಾರೆ (ಬದುಕಿದ್ರು). 6 ಸೆಕೆಂಡಿನ ರೌಂಡ್ (ಎಲ್ರಿಗೂ ಒಂದೊಂದು ಟರ್ನ್) ಇರೋ ಗೇಮಲ್ಲಿ ಅದು ಎರಡೇ ರೌಂಡ್! ಹೆಲ್ಮೆಟ್ ಸೊಂಟದಲ್ಲಿದ್ರೆ ಒಂದು ರೌಂಡ್, ಗ್ಲೌಸಿಗೆ ಇನ್ನೊಂದು, ಪಕ್ಕದ ರೂಮಲ್ಲಿದ್ರೆ ದೇವರೇ ಗತಿ.

ಹಂಗಂತ ಪ್ರತಿ ತೂತಿಗೂ ನಿರ್ವಾತ ತಕ್ಷಣ ಬರಲ್ಲ, ಇದನ್ನ ಬಹಳಷ್ಟು ಜಿಎಂಗಳು ತಪ್ಪು ಮಾಡ್ತಾರೆ. 100 ಘನ ಮೀಟರ್ ರೂಮಿಗೆ 10 ಸೆಂಟಿಮೀಟರ್ ಅಗಲದ ತೂತಾದ್ರೆ ಒತ್ತಡ ಮೂರನೇ ಒಂದು ಭಾಗಕ್ಕೆ ಇಳಿಯೋಕೆ ಒಂದೆರಡು ನಿಮಿಷ ಬೇಕು. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಕೊಂಡಿದ್ದ ರಷ್ಯಾದ ಸೋಯುಜ್ ನೌಕೇಲಿ 2 ಮಿಲಿಮೀಟರ್ ತೂತಿತ್ತು, ಗಾಳಿ ಸೋರ್ತಿದೆ ಅಂತ ಭೂಮಿ ಮೇಲಿನ ಕಂಟ್ರೋಲ್ ರೂಮಿಗೆ ಗೊತ್ತಾದ್ರೂ ಮಲಗಿದ್ದ ಸಿಬ್ಬಂದಿನ ಎಬ್ಬಿಸ್ಲಿಲ್ಲ, ಬೆಳಿಗ್ಗೆ ಹುಡುಕಿ ಎಪಾಕ್ಸಿ ಅಂಟು ಮೆತ್ತಿದ್ರು.

ಇನ್ನು "ದಿನಾ ಹಾಕ್ಕೊಳೋ" ಅನ್ನೋದನ್ನೇ ನಾನು ಒಪ್ಪಲ್ಲ. 1971ರಲ್ಲಿ ಸೋಯುಜ್ 11 ವಾಪಸ್ ಬರೋವಾಗ ವಾಲ್ವ್ ತೆಗ್ದುಕೊಂಡು ಮೂರೂ ಜನ ಸತ್ರು, ಯಾರ ಮೈಮೇಲೂ ಸೂಟಿರ್ಲಿಲ್ಲ. ಅದಾದ್ಮೇಲೆ ಸೊಕೊಲ್ ಸೂಟ್ ಬಂತು, ಸುಮಾರು 10 ಕೆಜಿ, ನೀವು ಕೇಳ್ತಿರೋ ಹಗುರ ಸೂಟ್ ಹೆಚ್ಚುಕಮ್ಮಿ ಇದೇ. ಅದನ್ನೂ ಉಡಾವಣೆ, ಡಾಕಿಂಗ್, ಲ್ಯಾಂಡಿಂಗಿಗೆ ಮಾತ್ರ ಹಾಕ್ತಾರೆ, ಉಳಿದ ಹೊತ್ತು ಟೀ ಶರ್ಟೇ. ಗಾಳಿ ಬರೋದು ಹಡಗಿಂದ ಹೋಸಲ್ಲಿ, ಹೊರಗೆ ನಡೆಯೋಕೆ ಮಾಡಿದ್ದಲ್ಲ. ಇದನ್ನ ಹಂಗೇ ಎತ್ಕೊಳಿ: ಗೋಡೆ ಗೋಡೆಗೂ ಸಾಕೆಟ್, ಸೂಟಲ್ಲಿ ಹತ್ತು ನಿಮಿಷದ ಬಾಟಲಿ. ಒಂದು ಸಾಕೆಟ್ ಬಿಟ್ಟು ಇನ್ನೊಂದಕ್ಕೆ ಓಡೋದ್ರಲ್ಲೇ ಸೆಷನ್ ಮುಗಿಯತ್ತೆ, ಜಗಳವಾಡ್ತಾ ಓಡ್ತಾರೆ ನೋಡಿ.

ಗ್ಲೌಸಿಗೆ ಪೆನಾಲ್ಟಿ ಇಡಲೇಬೇಕು. ಒಳಗೆ ಗಾಳಿ ತುಂಬಿದ ಸೂಟ್ ಬಿಗಿಯಾಗತ್ತೆ, 1965ರಲ್ಲಿ ಬಾಹ್ಯಾಕಾಶದಲ್ಲಿ ಮೊದಲು ಹೊರಗೆ ನಡೆದ ಸೋವಿಯತ್ ಗಗನಯಾತ್ರಿ ಲಿಯೊನೊವ್ ಸೂಟ್ ಉಬ್ಬಿ ಹಡಗೊಳಗೆ ಬರೋಕಾಗದೆ ಒತ್ತಡ ಇಳಿಸ್ಕೊಂಡು ಬಂದ್ರು. ನಿಮಗೆ ಮೈಗಂಟೋ ಸ್ಟೈಲಿಶ್ ಸೂಟೇ ಬೇಕಂದ್ರೆ ಗಾಳಿ ಬದಲು ಬಟ್ಟೆಯೇ ಮೈನ ಒತ್ತಿ ಹಿಡಿಯೋ ತರದ್ದಿದೆ, 1960ರ ದಶಕದ ಕೊನೇಲಿ ಪಾಲ್ ವೆಬ್ ಶುರು ಮಾಡಿದ್ರು, ಆಮೇಲೆ ಎಂಐಟಿಲಿ ಡಾವಾ ನ್ಯೂಮನ್ ಬಯೋಸೂಟ್ ಅಂತ ಮುಂದುವರಿಸಿದ್ರು. ಅದರಲ್ಲಿ ಕೈಕಾಲು ಸಲೀಸು, ಆದ್ರೆ ಅವರವರ ಅಳತೆಗೇ ಹೊಲೀಬೇಕು, ಹಾಕ್ಕೊಳೋದೂ ಕಷ್ಟ. ಸತ್ತ ಶತ್ರುವಿನ ಸೂಟ್ ಲೂಟ್ ಮಾಡೋ ಚಾಳಿನೂ ಅಲ್ಲಿಗೇ ನಿಲ್ಲತ್ತೆ, ನನಗೆ ಅದೇ ಜಾಸ್ತಿ ಇಷ್ಟ.

ಆರ್ಮರ್? ಸೊನ್ನೆ ಅಥ್ವಾ ಒಂದು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಅದರ ಬದಲು ಪ್ಯಾಸೆಂಜರ್‌ಗಳಿಗೆ ಏನು ಕೊಡ್ತೀರ ಯೋಚ್ನೆ ಮಾಡಿ, ಅವರಿಗೆ ಅಳತೆ ಸೂಟ್ ಎಲ್ಲಿಂದ ಬರಬೇಕು? ಸ್ಪೇಸ್ ಶಟಲ್‌ಗೋಸ್ಕರ ನಾಸಾ ಮೀಟರಿಗಿಂತ ಕಮ್ಮಿ ಅಗಲದ ಬಟ್ಟೆ ಚೆಂಡು ಮಾಡಿಸಿತ್ತು, ಒಳಗೆ ಒಬ್ಬರು ಮುದುಡಿ ಕೂರೋದು, ಸೂಟ್ ಹಾಕಿದವರು ಹೊತ್ಕೊಂಡು ಹೋಗೋದು. ಬಳಸೋ ಸಂದರ್ಭ ಬರಲೇ ಇಲ್ಲ. ನಾನೀಗ ಪ್ರತಿ ಹಡಗಲ್ಲೂ ಅಂಥ ಒಂದಷ್ಟು ಚೆಂಡು ಇಡ್ತೀನಿ, ಪ್ಯಾಸೆಂಜರ್‌ಗಳ ಲೆಕ್ಕಕ್ಕಿಂತ ಒಂದು ಕಮ್ಮಿ.