ಬೆಟ್ಟೆ ಅಡಿಕೆಗೆ ಗೊರಬಲು ದರ ಬಿದ್ದರೆ?

ಪ್ರಶ್ನೆ: ಅಡಿಕೆ ಮಂಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇನೆ. ಅಡಿಕೆಯ ದರ್ಜೆಗಳಿಗೆ ರಾಶಿ 1, ಬೆಟ್ಟೆ 2, ಗೊರಬಲು 3 ಅಂತ ನಂಬರ್ ಕೋಡ್‌ನಲ್ಲೂ ಇದೆ, ಡೇಟಾಬೇಸ್ ಟೇಬಲ್‌ನಲ್ಲೂ ಇದೆ. ಎರಡೂ ಸದಾ ತಾಳೆಯಾಗುವಂತೆ ನೋಡಿಕೊಳ್ಳೋದು ಹೇಗೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಈ ಪೆಟ್ಟು ನಾನೂ ತಿಂದಿದ್ದೇನೆ. ಸಾಗರದ ಒಂದು ಮಂಡಿಯಲ್ಲಿ ಟೇಬಲ್ ಹೊಸದಾಗಿ ತುಂಬಿದಾಗ ಡೇಟಾಬೇಸ್ ತಾನೇ ಕೊಡುವ ಆಟೋ ನಂಬರ್ ಅದಲುಬದಲಾಯಿತು, ಕೋಡ್‌ನಲ್ಲಿ ಹಳೆಯದೇ ಉಳಿಯಿತು. ಬೆಟ್ಟೆ ಚೀಲಕ್ಕೆ ಗೊರಬಲು ದರ ಬಿತ್ತು. ಎರರ್ ಏನೂ ಬರಲಿಲ್ಲ. ರೈತರೊಬ್ಬರು ಚೀಟಿ ಹಿಡಿದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ ಮೇಲೇ ಗೊತ್ತಾಗಿದ್ದು. ಅವರ ವರ್ಷದ ದುಡಿಮೆ ಅದು, ಅಲ್ವಾ?

ಹಾಗಾಗಿ ಆಟೋ ನಂಬರ್ ನಂಬಬೇಡಿ. ‘ರಾಶಿ’, ‘ಬೆಟ್ಟೆ’ ಅಂತಲೇ ಬೇರೆ ಕಾಲಂ ಇಟ್ಟು ಯೂನಿಕ್ ಮಾಡಿ, ಅಂದ್ರೆ ಒಂದೇ ಹೆಸರು ಎರಡು ಸಲ ಬರದಂತೆ. ಪ್ರೋಗ್ರಾಂ ಶುರುವಾಗುವಾಗಲೇ ಟೇಬಲ್ ಓದಿ, ಕೋಡ್‌ನಲ್ಲಿ ಬರೆದಿಟ್ಟ ಬದಲಾಗದ ಮೌಲ್ಯಗಳ, ಅಂದ್ರೆ ಕಾನ್‌ಸ್ಟಂಟ್‌ಗಳ ಜೊತೆ ಹೋಲಿಸಲಿ. ಒಂದು ತಪ್ಪಿದರೂ ಅಲ್ಲೇ ನಿಲ್ಲಲಿ. ಲೆಕ್ಕಕ್ಕೆ ಬಳಸದೆ ಸುಮ್ನೆ ಪಟ್ಟಿಯಲ್ಲಿ ತೋರಿಸುವ ಹೆಸರಿಗೆ ಕೋಡ್‌ನಲ್ಲಿ ಕಾನ್‌ಸ್ಟಂಟ್ ಬೇಡ.